ಪೆಟ್ಟಿಗೆಯೊಳಗಿನ ಸಾಲು

ಚಳಿಗಾಲದ ಕೊನೆಯ ವಾರಗಳು, ಬೆಳಿಗ್ಗೆ ಹತ್ತೂವರೆ. ವಾಚನಾಲಯದ ಮಹಡಿಯಲ್ಲಿ ಹಿರಿಯರಿಗೆ ಬಿಟ್ಟಿ ಪಾಠ ನಡೆಯುತ್ತದೆ ಎಂದು ಯಾರೋ ಹೇಳಿದ್ದರು. ನಾನು ಪಾಠದ ಆಸೆಗೆ ಹೋದವಳಲ್ಲ. ಆ ಕೋಣೆಯಲ್ಲಿ ಹೀಟರ್ ಇತ್ತು, ನನ್ನ ಮಂಡಿಗೆ ಅದು ಬೇಕಿತ್ತು. ಮೂವತ್ತೆಂಟು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಂತ ಕಾಲುಗಳು; ಬಿಸಿಯ ಚಟ ಇನ್ನೂ ಬಿಟ್ಟಿಲ್ಲ.

ಒಳಗೆ ಹತ್ತು ಹನ್ನೆರಡು ಜನರಿದ್ದರು. ಹೀಟರಿನ ಪಕ್ಕದ ಕುರ್ಚಿ ಹಿಡಿದು ಕೂತೆ. ಮುಂದಿನ ಸಾಲಿನಲ್ಲಿ ನನಗೆ ಬೆನ್ನು ಮಾಡಿ ಕೂತಿದ್ದವರೊಬ್ಬರು ಗಂಟಲು ಸರಿಮಾಡಿಕೊಂಡರು, ಎರಡು ಸಲ ಚಿಕ್ಕದಾಗಿ, ಒಂದು ಸಲ ದೊಡ್ಡದಾಗಿ. ಮುಖ ನೋಡುವ ಮೊದಲೇ ಯಾರೆಂದು ಗೊತ್ತಾಯಿತು. ಆಸ್ಪತ್ರೆಯ ಉಗ್ರಾಣದ ಸಾಹೇಬರು. ಇಪ್ಪತ್ತಾರು ವರ್ಷದ ಹಿಂದೆ, ಅವರ ಕೈಕೆಳಗೆ ಸಹಾಯಕಿಯಾಗಿದ್ದ ನನ್ನ ತಂಗಿಯನ್ನು ಕಳ್ಳಿ ಎಂದು ಬರೆದು ಕೆಲಸದಿಂದ ತೆಗೆಸಿದವರು.

ಅವರಿಗೆ ನನ್ನ ಗುರುತು ಹತ್ತಲಿಲ್ಲ. ಇಸ್ತ್ರಿ ಕೋಣೆಯವರ ಮುಖವನ್ನು ಅವರು ಆಗಲೂ ನೋಡಿದವರಲ್ಲ. ಎದ್ದು ಬಂದುಬಿಡಬೇಕು ಎನ್ನಿಸಿತು. ಏಳಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು ಅವರ ಕತ್ತಿನ ಹಿಂಭಾಗವನ್ನೇ ನೋಡುತ್ತಾ ಒಂದು ಗಂಟೆ ಕೂತೆ. ಮರುವಾರವೂ ಹೋದೆ.

ಪಾಠ ತರ್ಕಶಾಸ್ತ್ರದ್ದು. ಕಲಿಸುವ ಹುಡುಗಿಗೆ ನನ್ನ ಮಗಳಾಗುವಷ್ಟು ವಯಸ್ಸೂ ಇರಲಿಲ್ಲ. ಒಂದು ಮಾತಿನಿಂದ ಇನ್ನೊಂದು ಮಾತಿಗೆ ಹೋಗುವಾಗ ಮೆಟ್ಟಿಲು ಬಿಡದೆ ಹೋಗುವುದು ಹೇಗೆ, ಪ್ರತಿ ಮೆಟ್ಟಿಲಿಗೂ ಯಾವ ನಿಯಮ ಎಂದು ಪಕ್ಕದಲ್ಲಿ ಬರೆಯುವುದು ಹೇಗೆ, ಇಷ್ಟೇ. ಮಾತುಗಳ ಬದಲು ಅಕ್ಷರ ಇಡುತ್ತಿದ್ದಳು. ಮೂರನೇ ತರಗತಿಗೆ ಶಾಲೆ ಬಿಟ್ಟವಳಿಗೆ ಇದೇನು ಬಂದೀತು ಎಂದುಕೊಂಡಿದ್ದೆ. ಮೊದಲ ತಿಂಗಳು ತಲೆಬುಡ ತಿಳಿಯಲಿಲ್ಲ.

"ಕ ಮತ್ತು ಗ ಎರಡೂ ನಿಜ ಅಂತ ಕೊಟ್ಟಿದಾರೆ. ಅದರಿಂದ ಕ ನಿಜ ಅಂತ ಬರೀಬಹುದಾ?" ಎಂದು ಕೇಳಿದಳು ಒಂದು ದಿನ.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಮುದಿ ದರ್ಜಿ, ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು, ಕೈ ಎತ್ತಿದ. "ಅಂಗಿ ಪ್ಯಾಂಟು ಎರಡೂ ಹೊಲಿದಿದೀನಿ ಅಂದ್ಮೇಲೆ ಅಂಗಿ ಹೊಲಿದಿದೀಯಾ ಅಂತ ಕೇಳೋದಕ್ಕೆ ಕಾಲೇಜು ಓದ್ಬೇಕಾ ಮೇಡಂ?"

"ಓದ್ಬೇಕು. ಯಾಕಂದ್ರೆ ನೀವು ಪ್ಯಾಂಟು ಕೊಟ್ಟಿರಲ್ಲ," ಎಂದಳು ಆಕೆ. ಎಲ್ಲರೂ ನಕ್ಕರು. ಸಾಹೇಬರು ಮಾತ್ರ ಪೆನ್ನಿನ ಮುಚ್ಚಳ ತಿರುಗಿಸುತ್ತಾ, "ಸ್ವಲ್ಪ ಬೇಗ ಹೋಗೋಣ ಮೇಡಂ, ಕೆಲವರಿಗೆ ಇದು ಗೊತ್ತಿರೋದೇ," ಎಂದರು. ಬುದ್ಧಿವಂತರು ನಿಜ. ಹಲಗೆಯ ಮೇಲಿನ ಲೆಕ್ಕ ಎಲ್ಲರಿಗಿಂತ ಮೊದಲು ಅವರೇ ಬಿಡಿಸುತ್ತಿದ್ದರು.

ಊಹೆಯ ಪಾಠ ಬಂದದ್ದು ಎರಡನೇ ತಿಂಗಳಲ್ಲಿ. ಆಕೆ ಹಲಗೆಯ ಮೇಲೆ ಒಂದು ಪೆಟ್ಟಿಗೆ ಎಳೆದಳು. "ಯಾರೂ ಕೊಡದೆ ಇರೋ ಮಾತನ್ನ ಸುಮ್ನೆ ಹಿಡ್ಕೋಬಹುದು. ಅದು ಊಹೆ. ಅದಕ್ಕೊಂದು ಪೆಟ್ಟಿಗೆ. ಒಳಗೆ ಅದರಿಂದ ಏನು ಬೇಕಾದ್ರೂ ತೆಗೀರಿ. ಆದ್ರೆ ಪೆಟ್ಟಿಗೆ ಮುಚ್ಚಿದ್ಮೇಲೆ ಒಳಗಿನ ಸಾಲು ಹೊರಗೆ ಬರೋ ಹಾಗಿಲ್ಲ. 'ಅದು ಹಾಗಿದ್ರೆ ಇದು ಹೀಗೆ' ಅಂತ ಮಾತ್ರ ತರಬಹುದು. ಬರೀ 'ಇದು ಹೀಗೆ' ಅಂತ ತಂದ್ರೆ ತಪ್ಪು."

ಇದು ನನಗೆ ಒಂದೇ ಸಲಕ್ಕೆ ತಲೆಗೆ ಹತ್ತಿತು. ಸೋಂಕಿನ ವಾರ್ಡಿನ ಬಟ್ಟೆ ನಮ್ಮಲ್ಲಿಗೆ ಕೆಂಪು ಚೀಲದಲ್ಲಿ ಬರುತ್ತಿತ್ತು. ಕುದಿಯುವ ಡ್ರಮ್ಮಿಗೆ ಹಾಕದೆ ಅದರಿಂದ ಒಂದು ಟವೆಲ್ ಹೊರಬಂದರೂ ಇಡೀ ಗಾಡಿಯ ಬಟ್ಟೆ ಕೆಟ್ಟಂತೆ.

ಅವತ್ತು ಲೆಕ್ಕ ಬಿಡಿಸಲು ಹಲಗೆಗೆ ಹೋದವರು ಸಾಹೇಬರು. ಚಕಚಕ ಬರೆದರು. ಪೆಟ್ಟಿಗೆ ಮುಚ್ಚಿದರು, ಒಳಗಿನ ಕೊನೆಯ ಸಾಲನ್ನು ಹಾಗೇ ಹೊರಗೆ ಬರೆದು ಕೆಳಗೆ ಗೆರೆ ಎಳೆದರು.

"ಇಲ್ಲ ಸರ್," ಎಂದಳು ಆಕೆ ಮೆಲ್ಲಗೆ. "ಇದು ಪೆಟ್ಟಿಗೆ ಒಳಗಿನದು."

"ಅದೇ ತಾನೇ ಬರೋದು? ಮೇಲಿಂದ ಕೆಳಗೆ ಸರಿಯಾಗೇ ಬಂದಿದೆಯಲ್ಲ."

"ನೀವು ಊಹಿಸಿದ್ದನ್ನ ನೀವೇ ನಂಬಿಬಿಟ್ಟಿದೀರಿ ಸರ್."

ಅವರ ಕಿವಿ ಕೆಂಪಾಯಿತು. ಈ ತಪ್ಪನ್ನು ನಾನು ಮೊದಲೇ ನೋಡಿದ್ದೆ. ಇದೇ ಕೈ ಬರೆದದ್ದು, ನಮ್ಮ ಮನೆಯ ಟ್ರಂಕಿನಲ್ಲಿತ್ತು.

ಮನೆಗೆ ಹೋಗಿ ಆ ಕಾಗದ ತೆಗೆದೆ. ಎರಡು ಪುಟದ ವಿಚಾರಣಾ ವರದಿ, ತಂಗಿಯನ್ನು ತೆಗೆದ ಪತ್ರದ ಜೊತೆ ಬಂದ ನಕಲು. ಗುರುವಾರ ಸಂಜೆ ಎಣಿಸಿದಾಗ ಸರಿಯಿದ್ದ ಕಂಬಳಿಗಳು ಶನಿವಾರ ಬೆಳಿಗ್ಗೆ ನಲವತ್ತು ಕಡಿಮೆ ಎಂದಿತ್ತು. ಆಮೇಲಿನ ಸಾಲುಗಳು ನನಗೆ ಬಾಯಿಪಾಠ: "ಶುಕ್ರವಾರ ಉಗ್ರಾಣದ ಬೀಗದ ಕೈ ಸದರಿ ಸಹಾಯಕಿಯ ಬಳಿ ಇತ್ತೆಂದು ಭಾವಿಸೋಣ. ಹಾಗಿದ್ದಲ್ಲಿ ಬಾಗಿಲು ತೆರೆಯಲು ಅವಳಿಗೆ ಮಾತ್ರ ಸಾಧ್ಯ. ಆದ್ದರಿಂದ ಕಂಬಳಿಗಳನ್ನು ತೆಗೆದವಳು ಅವಳೇ." ಇಷ್ಟು ವರ್ಷ ಇದನ್ನು ಓದಿ ಅತ್ತಿದ್ದೆ, ಹಲ್ಲು ಕಚ್ಚಿದ್ದೆ, ಇದರಲ್ಲಿ ಎಲ್ಲಿ ಮೋಸ ಇದೆ ಎಂದು ಬೆರಳಿಟ್ಟು ತೋರಿಸಲು ಆಗಿರಲಿಲ್ಲ. ಓದಿದವರು ಬರೆದದ್ದು, ಒಂದರ ಕೆಳಗೊಂದು ನೆಟ್ಟಗೆ ಇಳಿದಿತ್ತು. ಈಗ ಪೆನ್ಸಿಲ್ ತೆಗೆದುಕೊಂಡು "ಭಾವಿಸೋಣ" ಎಂಬಲ್ಲಿಂದ ಪೆಟ್ಟಿಗೆ ಎಳೆದೆ. ಅವಳ ಇಪ್ಪತ್ತಾರು ವರ್ಷ ಆ ಪೆಟ್ಟಿಗೆಯ ಒಳಗೇ ಇತ್ತು.

ತಂಗಿಗೆ ಆಗ ಇಪ್ಪತ್ತನಾಲ್ಕು. ಗೊತ್ತಾಗಿದ್ದ ಮದುವೆ ವಾರದೊಳಗೆ ಮುರಿಯಿತು. ಬೀದಿಯ ಮಕ್ಕಳು ಅವಳನ್ನು ಕಂಡರೆ "ಕಂಬಳಿ, ಕಂಬಳಿ" ಎಂದು ಕೂಗುತ್ತಿದ್ದರು. ಅಂದಿನಿಂದ ಅವಳು ಹಗಲು ಹೊತ್ತಿನಲ್ಲಿ ಮುಂಬಾಗಿಲಿನಿಂದ ಹೊರಗೆ ಹೋದದ್ದು ನಾಲ್ಕೋ ಐದೋ ಸಲ. ಬಾಗಿಲು ತಟ್ಟಿದರೆ ಈಗಲೂ ಒಳಕೋಣೆಗೆ ಸರಿಯುತ್ತಾಳೆ.

"ಏನಕ್ಕಾ ಅದನ್ನ ಮತ್ತೆ ತೆಗ್ದೆ?" ಎಂದಳು.

"ಹೋಮ್‌ವರ್ಕ್," ಎಂದೆ.

ನಾನು ಆತುರ ಪಡಲಿಲ್ಲ. ಇನ್ನೆರಡು ತಿಂಗಳು ಕಲಿತೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಬರೆದು ಅಳಿಸಿದೆ. ಹುಡುಗಿ ನನ್ನ ಪುಸ್ತಕ ನೋಡಿ, "ಅಮ್ಮಾ, ನಿಮ್ಗೆ ಯಾರ ಮೇಲೆ ಹಟ?" ಎಂದು ನಕ್ಕಳು. ನಾನೂ ನಕ್ಕೆ. ಸಾಹೇಬರು ಆ ಅವಮಾನ ಆದ ಮೇಲೆ ಬೇರೆಯವರ ಪೆಟ್ಟಿಗೆಗಳಿಗೆ ಪೊಲೀಸಿನವರಾಗಿದ್ದರು. ಯಾರಾದರೂ ಒಳಗಿನ ಸಾಲನ್ನು ಹೊರಗೆ ತಂದರೆ ಸಾಕು, ಮೊದಲು ಅವರದೇ ಧ್ವನಿ. ಬಡಪಾಯಿ ಕತ್ತರಿಯನ್ನು ಎಷ್ಟು ಸಲ ಹಲಗೆಯ ಮುಂದೆ ನಿಲ್ಲಿಸಿದರೋ. ನಾನು ಅದನ್ನೂ ನೋಡುತ್ತಿದ್ದೆ. ಒಳ್ಳೆಯದು, ಇನ್ನಷ್ಟು ಹರಿತವಾಗಲಿ ಎಂದುಕೊಳ್ಳುತ್ತಿದ್ದೆ.

ಬೇಸಿಗೆ ಬಲಿತ ಮೇಲೆ, ಒಂದು ಬುಧವಾರ, ಎಲ್ಲರೂ ತಮ್ಮದೇ ಒಂದು ಲೆಕ್ಕ ತರಬೇಕು ಎಂದು ಆಕೆ ಹೇಳಿದ್ದಳು. ನನ್ನ ಸರದಿ ಬಂತು. ಹಲಗೆಯ ಮೇಲೆ ನಿಧಾನಕ್ಕೆ ಬರೆದೆ. ಊಹೆ: ಕ. ಅದರ ಕೆಳಗೆ: ಕ ಆದರೆ ಗ. ಅದರ ಕೆಳಗೆ: ಗ. ಪೆಟ್ಟಿಗೆ ಮುಚ್ಚಿ, ಹೊರಗೆ ಬರೆದೆ: ಆದ್ದರಿಂದ ಗ.

"ಸರ್ ನೋಡಿ ಹೇಳ್ಲಿ, ಸರಿಯಿದೆಯಾ ಅಂತ," ಎಂದೆ. ಅಷ್ಟು ದಿನದಲ್ಲಿ ಅವರೊಡನೆ ನಾನು ಆಡಿದ ಮೊದಲ ಮಾತು.

ಸಾಹೇಬರು ಕೂತಲ್ಲಿಂದಲೇ ನಕ್ಕರು. ಎದ್ದು ಬಂದು ಕೆಂಪು ಚಾಕ್ ತೆಗೆದುಕೊಂಡು ಕೊನೆಯ ಸಾಲಿಗೆ ಅಡ್ಡ ಗೆರೆ ಹೊಡೆದರು. "ನಾಲ್ಕು ತಿಂಗಳಾದ್ಮೇಲೂ ಇದನ್ನ ಬರೀತೀರಲ್ಲಮ್ಮ. ಕ ಅನ್ನೋದನ್ನ ಯಾರು ಕೊಟ್ರು ನಿಮ್ಗೆ? ಯಾರೂ ಇಲ್ಲ. ಇದು ಬರೀ ಊಹೆ. ಇದನ್ನ ತೀರ್ಮಾನ ಅಂತ ಬರೆದವರಿಗೆ ಒಂದೋ ಬುದ್ಧಿ ಇಲ್ಲ, ಇಲ್ಲ ಅಂದ್ರೆ ಮನಸ್ಸು ಸರಿಯಿಲ್ಲ."

"ಎರಡರಲ್ಲಿ ಯಾವ್ದು ಸರ್?"

"ಅದನ್ನ ಬರೆದವರನ್ನೇ ಕೇಳ್ಬೇಕು."

ನಾನು ಚೀಲದಿಂದ ಕಾಗದ ತೆಗೆದೆ. ಕ ಎಂದರೆ ಬೀಗದ ಕೈ ಸಹಾಯಕಿಯ ಬಳಿ ಇತ್ತು ಎಂಬುದು, ಗ ಎಂದರೆ ಕಂಬಳಿ ತೆಗೆದವಳು ಅವಳು ಎಂಬುದು ಎಂದು ಹೇಳಿ, ಆ ಮೂರು ಸಾಲನ್ನು ಗಟ್ಟಿಯಾಗಿ ಓದಿದೆ. ಕೆಳಗಿನ ಸಹಿಯನ್ನೂ ಹುದ್ದೆಯ ಸಮೇತ ಓದಿದೆ. "ಅವಳು ನನ್ನ ತಂಗಿ," ಎಂದೆ.

ಸಾಹೇಬರು ನನ್ನ ಮುಖವನ್ನು ಅವತ್ತೇ ಮೊದಲ ಸಲ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಸರಿ. ಸಿದ್ಧ ಆಗಿಲ್ಲ ಅಂತ ಒಪ್ಕೋತೀನಿ. ಆದ್ರೆ ಸಿದ್ಧ ಆಗಿಲ್ಲ ಅಂದ ಮಾತ್ರಕ್ಕೆ ಅವಳು ತಗೊಂಡಿಲ್ಲ ಅಂತ ಆಗಲ್ಲ. ಅಲ್ವಾ ಮೇಡಂ?"

ಹುಡುಗಿ ನನ್ನ ಕಡೆ ನೋಡಿದಳು. ಪಾಪ, ಸುಳ್ಳು ಹೇಳಲು ಬಾರದು. "ಹೌದು, ಆಗಲ್ಲ," ಎಂದಳು.

ಈ ಮಾತು ಅವರ ಬಾಯಿಂದ ಬಂದೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ಎರಡು ತಿಂಗಳು ಕಾದದ್ದು ಇದಕ್ಕೇ. ಹಲಗೆಯನ್ನು ಪೂರ್ತಿ ಒರೆಸಿದೆ.

"ಉಗ್ರಾಣಕ್ಕೆ ಎಷ್ಟು ಬಾಗಿಲು ಸಾಹೇಬ್ರೆ?"

"ಒಂದು."

"ಬೀಗ ಒಡೆದಿತ್ತಾ?"

"ಇಲ್ಲ. ಬರೆದಿದೀನಲ್ಲ."

"ಹಾಗಾದ್ರೆ ಶುಕ್ರವಾರ ತಗೊಂಡವರ ಕೈಲಿ ಕೀ ಇರಲೇಬೇಕು."

"ಇರಲೇಬೇಕು. ನಾನು ಹೇಳಿದ್ದೂ ಅದನ್ನೇ."

ಮೊದಲ ಸಾಲು ಬರೆದೆ: ತಂಗಿ ತೆಗೆದಿದ್ದರೆ, ಬೀಗದ ಕೈ ತಂಗಿಯ ಬಳಿ ಇತ್ತು. ಆಮೇಲೆ ವರದಿಯ ಎರಡನೇ ಪುಟ ತಿರುಗಿಸಿದೆ. ಅಜಾಗರೂಕತೆಯ ಆಪಾದನೆ ತಮ್ಮ ಮೇಲೆ ಬಾರದಿರಲಿ ಎಂದು ಅವರು ಅಲ್ಲೊಂದು ಮಾತು ಸೇರಿಸಿದ್ದರು. ಅದನ್ನು ಓದಿದೆ: "ಉಗ್ರಾಣಕ್ಕೆ ಇರುವುದು ಒಂದೇ ಬೀಗದ ಕೈ. ಅದನ್ನು ನಾನು ಒಂದು ದಿನವೂ, ಒಂದು ಗಳಿಗೆಯೂ ಇನ್ನೊಬ್ಬರ ಕೈಗೆ ಕೊಟ್ಟವನಲ್ಲ." ಎರಡನೇ ಸಾಲು ಬರೆದೆ: ಬೀಗದ ಕೈ ತಂಗಿಯ ಬಳಿ ಇರಲಿಲ್ಲ.

"ಇದು ನಿಮ್ಮ ಮಾತೇ. ಸುಳ್ಳಾಗಿದ್ರೆ ಹೇಳಿ, ಅಳಿಸಿಬಿಡ್ತೀನಿ," ಎಂದು ಡಸ್ಟರ್ ಮುಂದೆ ಹಿಡಿದೆ.

ಅವರು ಡಸ್ಟರ್ ನೋಡಿದರು, ಹಲಗೆ ನೋಡಿದರು. ಅಳಿಸಿದರೆ ವರದಿಯಲ್ಲಿ ಸುಳ್ಳು ಬರೆದವರಾಗುತ್ತಾರೆ. ಬಿಟ್ಟರೆ ತಂಗಿ ಕಳ್ಳಿಯಲ್ಲ. ಇಡೀ ಕೋಣೆಯಲ್ಲಿ ಇದು ಎಲ್ಲರಿಗಿಂತ ಮೊದಲು ಅರ್ಥವಾದದ್ದು ಅವರಿಗೇ ಎಂದು ನನಗೆ ಗೊತ್ತು, ಹೇಳಿದೆನಲ್ಲ, ಬುದ್ಧಿವಂತರು.

"ಅಳಿಸ್ಬೇಡಿ," ಎಂದರು ಕೊನೆಗೆ.

ಚಾಕ್ ಅವರ ಕೈಗೆ ಕೊಟ್ಟೆ. "ಮುಂದಿನದು ನೀವೇ ಬರೀರಿ. ನನಗೆ ಅಷ್ಟು ಓದು ಇಲ್ಲ."

"ಮೇಡಂ, ಇದೆಲ್ಲ ಪಾಠದ ವಿಷಯ ಅಲ್ಲ..."

"ಲೆಕ್ಕ ಸರಿಯಾಗಿದೆ ಸರ್," ಎಂದಳು ಹುಡುಗಿ. ಅವಳ ಧ್ವನಿ ಗಟ್ಟಿಯಾಗಿತ್ತು. "ಮುಗಿಸಿ."

ಅವರು ಪೆಟ್ಟಿಗೆ ಎಳೆದರು. ಊಹೆ: ತಂಗಿ ತೆಗೆದಳು. ಅದರಿಂದ: ಬೀಗದ ಕೈ ತಂಗಿಯ ಬಳಿ ಇತ್ತು. ಆದರೆ ಮೇಲೆ, ಇರಲಿಲ್ಲ. ವಿರೋಧ. ಪೆಟ್ಟಿಗೆ ಮುಚ್ಚುವಾಗ ಚಾಕ್ ಎರಡು ತುಂಡಾಯಿತು. ಉಳಿದ ತುಂಡಿನಲ್ಲಿ, ಪೆಟ್ಟಿಗೆಯ ಹೊರಗೆ, ತಮ್ಮ ಕೈಯಾರೆ ಬರೆದರು: ತಂಗಿ ತೆಗೆಯಲಿಲ್ಲ.

"ನಿಯಮ?" ಎಂದೆ.

ಪಕ್ಕದಲ್ಲಿ ನಿಯಮದ ಹೆಸರು ಬರೆದರು.

ಆಗ ಕತ್ತರಿ ಹಿಂದಿನಿಂದ ಕೇಳಿದ, "ಹಾಗಾದ್ರೆ ಶುಕ್ರವಾರ ಆ ಕೀ ಯಾರ ಹತ್ರ ಇತ್ತು ಸಾಹೇಬ್ರೆ?"

ಅದರ ಉತ್ತರವನ್ನೂ ನಾನು ಹಲಗೆಯ ಮೇಲೆ ಬರೆಯಬಹುದಿತ್ತು. ಬರೆಯಲು ಕೈ ತುರಿಸುತ್ತಿತ್ತು ಕೂಡ. ಆದರೆ ಬೇರೆ ಯಾರು ಹೇಗೆ ತೆಗೆದರೋ ನಾನು ಕಂಡವಳಲ್ಲ. ಅವರು ಮಾಡಿದ್ದನ್ನು ನಾನು ಮಾಡಬಾರದು. ಬರೆಯದೆ ಬಿಟ್ಟದ್ದು ಅವರನ್ನು ಇನ್ನೂ ಹೆಚ್ಚು ಸುಟ್ಟಿತು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಪೆನ್ನನ್ನು ಮೇಜಿನ ಮೇಲೇ ಮರೆತು ಇಳಿದು ಹೋದರು. ನನಗೆ ಅಯ್ಯೋ ಅನ್ನಿಸಲಿಲ್ಲ.

ಮನೆಯಲ್ಲಿ ತಂಗಿಗೆ ಹೇಳಿದೆ. ಕೇಳುತ್ತಾ ಗೋಡೆಗೆ ಒರಗಿ ಕೂತಳು.

"ಅವನೇ ಬರೆದ್ನಾ?"

"ಅವನೇ."

"ಎಲ್ಲರ ಮುಂದೆ?"

"ಹನ್ನೊಂದು ಜನ. ಮೇಡಂ ಸೇರಿ ಹನ್ನೆರಡು."

"ಕೈ ನಡುಗ್ತಾ?"

"ಚಾಕ್ ಮುರೀತು."

"ಇನ್ನೊಂದ್ಸಲ ಹೇಳಕ್ಕಾ. ಚಾಕ್ ಕೊಟ್ಟಲ್ಲಿಂದ."

ಹೇಳಿದೆ. ಇನ್ನೂ ಒಂದು ಸಲ ಹೇಳಿಸಿಕೊಂಡಳು. ಆಮೇಲೆ, "ಅವನ ಮನೆ ಎಲ್ಲಿ?" ಎಂದಳು.

ವಾಚನಾಲಯದಿಂದ ಎರಡನೇ ಬೀದಿ, ಎದುರಿಗೆ ಬಸ್ ನಿಲ್ದಾಣ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ತಂಗಿ ಚಪ್ಪಲಿ ಮೆಟ್ಟಿ ಮುಂಬಾಗಿಲಿನಿಂದ ಹೋದಳು. ನಿಲ್ದಾಣದ ಬೆಂಚಿನ ಮೇಲೆ ಅವರ ಗೇಟಿಗೆ ಮುಖ ಮಾಡಿ ಕೂತಳು. ಬೈಯಲಿಲ್ಲ, ಕರೆಯಲಿಲ್ಲ, ಬಂದ ಬಸ್ಸು ಒಂದನ್ನೂ ಹತ್ತಲಿಲ್ಲ. ಮಧ್ಯಾಹ್ನ ಎದ್ದು ಬಂದಳು. ಅದರ ಮರುದಿನವೂ ಹೋದಳು. ಮೂರನೇ ದಿನ ಮೇಲಿನ ಕಿಟಕಿಯ ಪರದೆ ಮುಚ್ಚಿತು. ಐದನೇ ದಿನ ಅವರು ಪತ್ರಿಕೆ ತೆಗೆದುಕೊಳ್ಳಲು ಹಿಂಬಾಗಿಲಿನಿಂದ ಸುತ್ತಿ ಬಂದರು. "ನೋಡ್ದೆ ಅಕ್ಕಾ," ಎಂದಳು ತಂಗಿ ಅವತ್ತು ಕೈತೊಳೆಯುತ್ತಾ. "ನಂಗಿಂತ ಬೇಗ ಕಲ್ತ." ಅವಳು ನಕ್ಕದ್ದು ನೋಡಿ ಎಷ್ಟು ಕಾಲವಾಗಿತ್ತೋ.

ಸಾಕು, ಬಿಡು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಡಬ್ಬಿಗೆ ಊಟ ಹಾಕಿ ಕೊಟ್ಟು ಕಳಿಸುತ್ತಿದ್ದೆ.

ಹನ್ನೆರಡನೇ ದಿನ ಅವರ ಗೇಟಿನ ಮುಂದೆ ಲಾರಿ ಬಂತು. ಮಂಚ, ಕಪಾಟು, ಪುಸ್ತಕದ ರಟ್ಟಿನ ಪೆಟ್ಟಿಗೆಗಳು ಹೊರಗೆ ಬಂದವು. ಮಗಳ ಊರಿಗೆ ಹೋಗುತ್ತಾರಂತೆ ಎಂದು ಅಕ್ಕಪಕ್ಕದವರು ಆಡಿಕೊಂಡರು. ಸಾಹೇಬರು ಕಾರು ಹತ್ತುವ ಮುಂಚೆ ಒಂದು ಸಲ ಬೆಂಚಿನ ಕಡೆ ನೋಡಿದರಂತೆ. ತಂಗಿ ಕಣ್ಣು ತಗ್ಗಿಸಲಿಲ್ಲವಂತೆ. ಅವರು ಹೋದರು.