ಉಜ್ಜಿ ಅಳಿಸಿದ ಜಾಗ

ಟವೆಲಿನ ಸುತ್ತು ಬಿಚ್ಚುವ ಮೊದಲು ಅವಳು ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದಳು. ಕೌಂಟರಿನ ಹಿಂದೆ ನಿಂತಿದ್ದ ಚಾಕು ಅಂಗಡಿಯ ಮುದುಕನೂ ಅವಳ ಜೊತೆಗೇ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಬೆಳಿಗ್ಗೆ ಹತ್ತೂವರೆಗೆ ಹೆಂಗಸೊಬ್ಬಳು ಮೊಳದುದ್ದದ ಏನನ್ನೋ ಟವೆಲಿನಲ್ಲಿ ಸುತ್ತಿಕೊಂಡು ಬಂದು ಹೀಗೆ ಹಿಂದೆ ಮುಂದೆ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. ನಲವತ್ತು ವರ್ಷ ಚಾಕು ಮಾರಿದವನಿಗೆ ಸ್ವಲ್ಪ ಹೆಚ್ಚೇ ಬರುತ್ತದೆ.

"ನಮ್ಮನೆಯವರಿಗೆ ಇಂಥದ್ದೇ ಇನ್ನೊಂದು ಬೇಕಂತೆ. ಕಾಡಿಗೆ ಹೋಗ್ತಾರೆ. ಹೇಗೆ ಆರಿಸೋದು ಅಂತ ನನಗೆ ಗೊತ್ತಿಲ್ಲ, ಅದಕ್ಕೆ ಹಳೇದನ್ನೇ ತಂದೆ," ಎಂದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು. ಒಪ್ಪಿಸಿದ ಹಾಗೆಯೇ ಕೇಳಿಸಿತು.

ಅವಳು ಲಾಂಡ್ರಿ ನಡೆಸುವವಳು. ಯಾರ ಅಂಗಿಯ ಕಾಲರಿನಲ್ಲಿ ಏನಿದೆ, ಯಾರ ಜೇಬಿನಲ್ಲಿ ಏನು ಉಳಿದಿದೆ ಎಂದು ನೋಡಿ ನೋಡಿ ಊರಿನ ಅರ್ಧ ಗುಟ್ಟು ಅವಳ ಹೊಟ್ಟೆಯಲ್ಲಿತ್ತು. ಒಂದನ್ನೂ ಹೊರಗೆ ಬಿಟ್ಟವಳಲ್ಲ. ಆದರೆ ಮನೆಯದೇ ಅಂಗಿ ಸುಳ್ಳು ಹೇಳತೊಡಗಿದಾಗ ಸುಮ್ಮನಿರುವುದು ಹೇಗೆ? ಎರಡು ವರ್ಷದ ಹಿಂದೆ ಗಂಡನ ಒಬ್ಬನೇ ತಮ್ಮ ಬೆಟ್ಟದ ಕಾಡಿನಲ್ಲಿ ದಾರಿ ತಪ್ಪಿ, ಮಳೆಯಲ್ಲಿ ನೆನೆದು, ಚಳಿಗೆ ಸತ್ತ. ಆಮೇಲೆ ಗಂಡ ಕಾಡಿನ ಮಾತು ಬಂದರೆ ಎದ್ದು ಹೋಗುತ್ತಿದ್ದ. ಅಂಥವನು ಆರು ತಿಂಗಳಿಂದ ಪ್ರತಿ ಭಾನುವಾರ ಕಾಡಿಗೆ ಹೋಗುತ್ತಿದ್ದಾನೆ. ಚಾಕು ಕೊಂಡಿದ್ದೇನೆ, ಕಟ್ಟಿಗೆ ಕಡಿದೆ, ಬೆಂಕಿ ಹಾಕಿಕೊಂಡು ಕೂತಿದ್ದೆ ಎನ್ನುತ್ತಾನೆ. ಸೋಮವಾರ ಅವಳು ಅಂಗಿಯನ್ನು ಮೂಗಿಗೆ ಹಿಡಿಯುತ್ತಾಳೆ. ಆರು ತಿಂಗಳಲ್ಲಿ ಒಂದು ದಿನವಾದರೂ ಹೊಗೆಯ ವಾಸನೆ ಬರಲಿಲ್ಲ.

ಮಂಗಳವಾರ ಛತ್ರಿ ಹುಡುಕುತ್ತ, ಗಂಡ ಡ್ರೈವಿಂಗ್ ಕಲಿಸುವ ಕಾರಿನ ಹಿಂಬದಿ ತೆರೆದಾಗ ಹೆಚ್ಚುವರಿ ಚಕ್ರದ ಕೆಳಗೆ ಈ ಚಾಕು ಸಿಕ್ಕಿತು. ಮಡಚುವಂಥದ್ದಲ್ಲ, ಕಪ್ಪು ಬಳಿದ ದೊಡ್ಡ ಅಲಗು. ಹಿಡಿಯ ಹತ್ತಿರ ಎರಡು ಬೆರಳಗಲದಷ್ಟು ಜಾಗವನ್ನು ಯಾರೋ ಉಜ್ಜಿ ಬೆಳ್ಳಗೆ ಮಾಡಿದ್ದರು. ಅಲ್ಲಿ ಏನೋ ಬರೆದಿತ್ತು, ಅಳಿಸಿದ್ದಾರೆ. ಚಾಕುವಿನ ಮೇಲೆ ಯಾವ ಹೆಂಗಸು ಹೆಸರು ಬರೆಸುತ್ತಾಳೆ ಎಂದು ಬುದ್ಧಿ ಕೇಳಿತು. ಹಾಗಾದರೆ ಉಜ್ಜಿದ್ದು ಯಾಕೆ ಎಂದು ಅನುಮಾನ ತಿರುಗಿ ಕೇಳಿತು. ಚಾಕುವಿನ ಚರ್ಮದ ಒರೆಯ ಮೇಲೆ ಈ ಅಂಗಡಿಯ ಮುದ್ರೆಯಿತ್ತು.

"ಇದೇ ಬೇಕು ಅಂದ್ರೆ ನಾನು ಕೊಡಲ್ಲ," ಎಂದ ಮುದುಕ. "ನೋಡೋಕೆ ಮಾತ್ರ ಚೆನ್ನ. ಉದ್ದ ನೋಡಿ ಮರುಳಾಗಬಾರದಮ್ಮ. ಉಕ್ಕು ಹಿಡಿಯ ಕೊನೇವರೆಗೂ ಒಂದೇ ತುಂಡಾಗಿ ಹೋಗಿರಬೇಕು. ಅರ್ಧಕ್ಕೆ ನಿಂತಿದ್ರೆ ಕಟ್ಟಿಗೆ ಸೀಳುವಾಗ ಹಿಡಿ ಕೈಯಲ್ಲಿ, ಅಲಗು ಪೊದೆಯಲ್ಲಿ. ಒದ್ದೆ ಕೈಯಲ್ಲಿ ಹಿಡಿದ್ರೂ ಜಾರಬಾರದು. ನಿಮ್ಮೆಜಮಾನ್ರು ಏನು ಮಾಡ್ತಾರೆ ಇದರಲ್ಲಿ?"

"ಅದನ್ನೇ ನಾನು ಕೇಳ್ತಿರೋದು. ಇದರಲ್ಲಿ ಏನೇನು ಮಾಡಿದ್ದಾರೆ ಅಂತ ನೋಡಿದ್ರೆ ಗೊತ್ತಾಗುತ್ತಾ?"

ಮುದುಕ ಚಾಕುವನ್ನು ಟವೆಲಿನ ಮೇಲೆ ಇಟ್ಟು, ಎರಡೂ ಕೈಗಳನ್ನು ಕೌಂಟರಿನಿಂದ ಹಿಂದಕ್ಕೆ ತೆಗೆದುಕೊಂಡ. "ಪೊಲೀಸ್ ವಿಷಯ ಆದ್ರೆ ನನ್ನ ಹತ್ರ ಬರಬೇಡಿ ತಾಯಿ."

"ಪೊಲೀಸ್ ವಿಷಯ ಅಲ್ಲ. ಗಂಡನ ವಿಷಯ."

"ಅದು ಇನ್ನೂ ಕಷ್ಟ," ಎಂದು ಅವನು ಕನ್ನಡಕ ಹಣೆಗೇರಿಸಿ ಚಾಕುವನ್ನು ಮತ್ತೆ ಕೈಗೆತ್ತಿಕೊಂಡ. ಕಿಟಕಿಯ ಬೆಳಕಿಗೆ ಹಿಡಿದು ಅಲಗಿನ ಬಾಯಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಬಾಯಿಗೆ ಹೆಬ್ಬೆರಳನ್ನು ಅಡ್ಡಲಾಗಿ ಮುಟ್ಟಿಸಿದ. "ಇದು ಒಂದು ಕಡ್ಡಿಯನ್ನೂ ಕಡಿದಿಲ್ಲ. ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇದೆ ಬಾಯಿ."

ಅವಳಿಗೆ ಗೊತ್ತಿದ್ದದ್ದೇ. ಆದರೂ ಇನ್ನೊಬ್ಬರ ಬಾಯಿಂದ ಕೇಳುವುದು ಬೇರೆ. ಹಾಗಾದರೆ ಆರು ತಿಂಗಳು ಅವನು ತನ್ನ ಕಿವಿಗೆ ಹೂವಿಟ್ಟಿದ್ದಾನೆ. ಇಪ್ಪತ್ತೆರಡು ವರ್ಷದ ಸಂಸಾರ. ಚಾಕು ವಾಪಸು ಪಡೆಯಲು ಕೈ ಚಾಚಿದಳು.

"ತಡೀರಿ," ಎಂದ ಮುದುಕ. ಅಲಗಿನ ಬೆನ್ನನ್ನು ಮೇಲೆ ಮಾಡಿ ಉಗುರಿನಿಂದ ಕೆರೆದ. ಒಂದು ಕಡೆ ಕಪ್ಪು ಬಣ್ಣ ಪೂರ್ತಿ ಹೋಗಿ ಉಕ್ಕು ಹೊಳೆಯುತ್ತಿತ್ತು. "ಬೆನ್ನು ಕೆಲಸ ಮಾಡಿದೆ. ಬೆಂಕಿ ಹಚ್ಚೋಕೆ ಕಿಡಿ ಹಾರಿಸೋ ಕಡ್ಡಿ ಇರುತ್ತಲ್ಲ, ಅದಕ್ಕೆ ಗೀರಿದ್ದಾರೆ. ಹತ್ತಿಪ್ಪತ್ತು ಸಲ ಅಲ್ಲಮ್ಮ, ಸಾವಿರಗಟ್ಟಲೆ."

ಡ್ರಾಯರಿನಿಂದ ಬೆರಳುದ್ದದ ಕಪ್ಪು ಲೋಹದ ಕಡ್ಡಿಯೊಂದನ್ನು ತೆಗೆದ. ಗೋಡೆಯಲ್ಲಿ ತೂಗುಹಾಕಿದ್ದ ಸಾದಾ ಚಾಕುವೊಂದನ್ನು ಇಳಿಸಿ, ಅದರ ಬೆನ್ನನ್ನು ಕಡ್ಡಿಯ ಮೇಲೆ ಒಮ್ಮೆ ಜೋರಾಗಿ ಎಳೆದ. ಕೌಂಟರಿನ ತುಂಬ ಕಿಡಿ ಚೆಲ್ಲಿತು. ಅವಳು ಟವೆಲನ್ನು ಹಿಂದಕ್ಕೆಳೆದುಕೊಂಡಳು. ಆಮೇಲೆ ಅವಳ ಚಾಕುವಿನಿಂದ ಎಳೆದ. ಕರ್ರನೆ ಸದ್ದಾಯಿತು, ಚಿಟಿಕೆ ಕಪ್ಪು ಪುಡಿ ಉದುರಿತು, ಅಷ್ಟೇ. ಇನ್ನೂ ನಾಲ್ಕು ಸಲ ಎಳೆದ, ಅಷ್ಟೇ.

"ಬೆನ್ನು ಗುಂಡಗಿದೆ. ಮೂಲೆ ಚೂಪಾಗಿರಬೇಕು, ಆಗಲೇ ಕಿಡಿ ಬರೋದು. ಬಾಯಿಂದ ಗೀರಿದ್ರೆ ಬರುತ್ತೆ, ಆದ್ರೆ ಎಲ್ಲರಿಗೂ ಕಲಿಸಿರೋದು ಬೆನ್ನಿಂದಲೇ. ನನಗೆ ಅರ್ಥ ಆಗದೇ ಇರೋದು ಇಷ್ಟೇ. ಇವರ ಹತ್ರ ಅರ ಇದೆ, ಇಲ್ಲಿ ಅರದಲ್ಲೇ ಉಜ್ಜಿ ಅಳಿಸಿದ್ದಾರೆ. ಅದೇ ಅರದಿಂದ ಬೆನ್ನಿಗೆ ಐದು ನಿಮಿಷ ಉಜ್ಜಿದ್ರೆ ಕಿಡಿ ಬರೋದು. ಅದೊಂದು ಬಿಟ್ಟು ಹಾಗೇ ಸಾವಿರ ಸಲ ಗೀರಿದ್ದಾರೆ. ಯಾರು ಹೀಗೆ ಮಾಡ್ತಾರೆ?"

ಅವಳ ಕಿವಿಯಲ್ಲಿ ಬೇರೆ ಮಾತು ಓಡುತ್ತಿತ್ತು. ಕಿಡಿಯೇ ಬರದ ಚಾಕು. ಮೈದುನನ ಹೆಣ ತಂದವರು ಇದೇ ಮಾತು ಹೇಳಿದ್ದರಂತೆ: ಒಣ ಹುಲ್ಲು ಗುಡ್ಡೆ ಹಾಕಿಕೊಂಡು ಕೂತಿದ್ದ, ಬೆಂಕಿ ಹತ್ತಿಲ್ಲ, ಈ ಚಾಕು ಆರಿಸಿಕೊಟ್ಟವರು ಯಾರು? ಆಗ ಅವಳು ಹೊರಗೆ ಅಂಗಳದಲ್ಲಿದ್ದಳು. ಒಳಗೆ ಅತ್ತೆಯ ಎದುರಿಗೇ, ಸತ್ತವನ ಹೆಂಡತಿ, ನಾನೇ ಕೊಡಿಸಿದ್ದು ಎಂದಳಂತೆ. ಅಂದಿನಿಂದ ಅತ್ತೆ ಆ ಸೊಸೆಯ ಮುಖ ನೋಡಿಲ್ಲ. ಇವಳೂ ವಾರಗಿತ್ತಿಯ ಫೋನು ಬಂದರೆ ಕೈ ಒದ್ದೆಯಾಗಿದೆ ಎಂದು ಇಡುತ್ತಿದ್ದಳು. ಆ ಚಾಕುವನ್ನು ಹೊಳೆಗೆ ಎಸೆದೆ ಎಂದು ಗಂಡ ಹೇಳಿದ್ದ.

"ಇಲ್ಲಿ ಏನು ಬರೆದಿತ್ತು?" ಅವಳು ಉಜ್ಜಿದ ಜಾಗಕ್ಕೆ ಬೆರಳಿಟ್ಟಳು.

ಮುದುಕ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದ. "ಕೊರೆದವನು ನಾನೇ. ಇಲ್ಲಿ ನೋಡಿ, ಒತ್ತಕ್ಷರದ ಬಾಲ ಉಳಿದಿದೆ. 'ತಮ್ಮನಿಗೆ.' ಕೆಳಗೆ 'ಅಣ್ಣ.' ಮೂರು ವರ್ಷ ಆಗಿರಬೇಕು. ಡ್ರೈವಿಂಗ್ ಕಲಿಸೋರು ಅಂತ ನೆನಪು, ಕಾರನ್ನ ಇಲ್ಲೇ ಬಾಗಿಲಲ್ಲಿ ನಿಲ್ಲಿಸಿದ್ರು. ಈ ಸಾದಾದ್ದು ತಗೊಳ್ಳಿ ಅಂತ ನಾನು ಬಡ್ಕೊಂಡೆ. ನಕ್ಕುಬಿಟ್ರು. ನನ್ನ ತಮ್ಮ ಅಂಜುಬುರುಕ ಕಣ್ರೀ, ನೋಡಿದ್ರೇ ಧೈರ್ಯ ಬರೋ ಅಂಥದ್ದು ಕೊಡಿ ಅಂದ್ರು."

ಅವಳು ಚಾಕುವನ್ನು ಟವೆಲಿನಲ್ಲಿ ಸುತ್ತಿದಳು. ಸರಿಯಾಗಿ ಬರಲಿಲ್ಲ. ದಿನಕ್ಕೆ ಇನ್ನೂರು ಬಟ್ಟೆ ಮಡಚುವ ಕೈ, ಒಂದು ಟವೆಲು ಸುತ್ತಲು ಮೂರು ಸಲ ಬಿಚ್ಚಿತು. ಮುದುಕ ಸಾದಾ ಚಾಕುವನ್ನು ಮತ್ತೆ ಗೋಡೆಗೆ ತೂಗುಹಾಕಿದ.

ವಾರಗಿತ್ತಿ ಹಲ್ಲಿನ ದವಾಖಾನೆಯೊಂದರಲ್ಲಿ ಚೀಟಿ ಬರೆಯುವ ಮೇಜಿನ ಹಿಂದೆ ಕೂರುತ್ತಿದ್ದಳು. ಒಳಗೆ ಬಂದವಳನ್ನು ನೋಡಿ ಅವಳ ಪೆನ್ನು ನಿಂತಿತು. ಎರಡು ವರ್ಷ ತಲೆಹಾಕದವಳು ಕೆಲಸದ ಜಾಗಕ್ಕೆ ಬಂದರೆ ಒಳ್ಳೆಯದಕ್ಕೆ ಬಂದಿರುವುದಿಲ್ಲ.

"ಅತ್ತೆಗೆ ಏನಾದ್ರೂ ಆಯ್ತಾ ಅಕ್ಕ?"

"ಅತ್ತೆ ಚೆನ್ನಾಗಿದ್ದಾರೆ." ಅವಳು ಟವೆಲನ್ನು ಮೇಜಿನ ಮೇಲಿಟ್ಟು ತುದಿಯನ್ನು ಸ್ವಲ್ಪವೇ ಸರಿಸಿದಳು. ಕಪ್ಪು ಹಿಡಿ ಕಂಡಿತು. ಬೆಂಚಿನ ಮೇಲೆ ಕೆನ್ನೆ ಊದಿಸಿಕೊಂಡು ಕೂತಿದ್ದ ಒಬ್ಬಾತ ಹಲ್ಲುನೋವು ಮರೆತು ಕತ್ತು ಉದ್ದ ಮಾಡಿದ. ವಾರಗಿತ್ತಿ ಟವೆಲನ್ನು ಮತ್ತೆ ಮುಚ್ಚಿದಳು.

"ಇದನ್ನ ಕೊಡಿಸಿದ್ದು ನೀನಲ್ಲ."

ವಾರಗಿತ್ತಿ ಚೀಟಿಗಳನ್ನು ಜೋಡಿಸಿದಳು. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು.

"ಯಾಕೆ ಹಾಗಂದೆ? ಎರಡು ವರ್ಷ ನಾನು ನಿನ್ನ ಜೊತೆ..." ನಾಚಿಕೆಯಿಂದ ಮುಖವೆಲ್ಲ ಬಿಸಿಯಾಗಿತ್ತು.

"ಯಾರು ಕೊಡಿಸಿದ್ದು ಅಂತ ಅವತ್ತು ಹೊತ್ತು ತಂದೋರು ಕೇಳಿದಾಗ ಭಾವನ ಮುಖ ನೋಡಿದೆ ಅಕ್ಕ. ಅಲಗಿನ ಮೇಲಿನ ಸಣ್ಣ ಅಕ್ಷರ ಆ ಗಲಾಟೆಯಲ್ಲಿ ಯಾರೂ ನೋಡಿರಲಿಲ್ಲ. ಬಾಯಿ ತೆಗೆಯೋದರಲ್ಲಿದ್ರು. ಪಕ್ಕದಲ್ಲೇ ಅತ್ತೆ ಕೂತಿದ್ರು, ಭಾವನ ಕೈ ಹಿಡ್ಕೊಂಡು. ಅವರಿಗೆ ಉಳಿದಿರೋದು ಅದೊಂದೇ ಕೈ." ಅವಳು ತಲೆ ಎತ್ತಲಿಲ್ಲ. "ನಾನಾದ್ರೆ ಹೊರಗಿಂದ ಬಂದವಳು. ನನ್ನ ಮೇಲೆ ಸಿಟ್ಟು ಮಾಡ್ಕೊಂಡ್ರೆ ಅವರಿಗೆ ಏನೂ ಕಮ್ಮಿಯಾಗಲ್ಲ ಅನ್ನಿಸ್ತು. ನಾಲ್ಕು ದಿನಕ್ಕೆ ಭಾವನೇ ಹೇಳ್ತಾರೆ ಅಂದ್ಕೊಂಡೆ. ಆಮೇಲೆ ದಿನ ಎಣಿಸೋದು ಬಿಟ್ಟೆ."

ಒಳಗಿನಿಂದ ಡಾಕ್ಟರು ಗಂಟೆ ಒತ್ತಿದರು. ಕೆನ್ನೆ ಊದಿದವನು ಒಲ್ಲದ ಮನಸ್ಸಿನಿಂದ ಎದ್ದು ಹೋದ.

"ಅತ್ತೆಗೆ ನೀವು ಹೇಳಬೇಡಿ ಅಕ್ಕ."

"ನಾನು ಹೇಳಲ್ಲ," ಎಂದಳು ಅವಳು.

ಅವತ್ತೇ ಸಂಜೆ ಚಾಕುವನ್ನು ಚಕ್ರದ ಕೆಳಗೆ ಇದ್ದ ಹಾಗೆಯೇ ಇಟ್ಟಳು. ಭಾನುವಾರ ಗಂಡ ಹೊರಟಾಗ ಅವಳೂ ಚಪ್ಪಲಿ ಮೆಟ್ಟಿದಳು. ನಾನೂ ಬರುತ್ತೇನೆ ಎಂದಾಗ ಅವನು ಅವಳನ್ನು ಕಣ್ಣು ಕಿರಿದು ಮಾಡಿ ನೋಡಿದ. ಅದು ಡ್ರೈವಿಂಗ್ ಶಾಲೆಯ ಕಾರು. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಕಲಿಸುವವನ ಕಾಲಿಗೆಂದು. ಮದುವೆಯಾದಾಗಿನಿಂದ ಅವಳು ಎಲ್ಲೇ ಹೋದರೂ ಕಾಲು ಹಿಂದಕ್ಕೆ ಮಡಚಿಕೊಂಡೇ ಕೂತವಳು. ಅದರ ಮೇಲೆ ಕಾಲಿಡಬೇಡ ಎಂದು ಅವನು ಮೊದಲ ದಿನವೇ ಹೇಳಿದ್ದ. ದಾರಿಯುದ್ದಕ್ಕೂ ಅವನು ಕನ್ನಡಿಯಲ್ಲಿ ಹಿಂದಿನ ರಸ್ತೆಗಿಂತ ಅವಳನ್ನೇ ಹೆಚ್ಚು ನೋಡಿದ.

ಕಾಡಿನ ಅಂಚಿನಲ್ಲಿ, ರಸ್ತೆ ಮುಗಿಯುವಲ್ಲಿ ಅವನು ಕಾರು ನಿಲ್ಲಿಸಿದ. ಒಳಕ್ಕೆ ಒಂದು ಹೆಜ್ಜೆಯನ್ನೂ ಅವನು ಇಟ್ಟಿಲ್ಲವೆಂದು ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಒಂದೇ ಮರದ ಬುಡದಲ್ಲಿ ಹುಲ್ಲು ಸವೆದು ಎರಡು ಮೊಣಕಾಲಿನ ಗುಳಿ ಬಿದ್ದಿತ್ತು. ನೆಲವೆಲ್ಲ ಕಪ್ಪು ಪುಡಿ. ಬೂದಿ ಮಾತ್ರ ಎಲ್ಲೂ ಇರಲಿಲ್ಲ.

"ತೆಗೀರಿ. ಎಲ್ಲಿದೆ ಅಂತ ನನಗೆ ಗೊತ್ತು," ಎಂದಳು.

ಅವನು ಚಕ್ರದ ಕೆಳಗಿನಿಂದ ಚಾಕು ತಂದ. ಅದೇ ಗುಳಿಗಳಲ್ಲಿ ಮೊಣಕಾಲೂರಿದ. ಹುಲ್ಲಿನ ಎಸಳು ಗುಡ್ಡೆ ಮಾಡಿ, ಜೇಬಿನಿಂದ ಕಪ್ಪು ಲೋಹದ ಕಡ್ಡಿ ತೆಗೆದು ಗೀರತೊಡಗಿದ. ಹೆಬ್ಬೆರಳಿನ ಹಳೆಯ ಬೊಕ್ಕೆ ಒಡೆದು ಚಾಕುವಿನ ಹಿಡಿಯೆಲ್ಲ ಒದ್ದೆಯಾಯಿತು. ಅವಳು ಎದುರಿಗೆ ಕೂತು, ಗಾಳಿ ತಾಕದಂತೆ ಹುಲ್ಲಿನ ಸುತ್ತ ಎರಡೂ ಅಂಗೈ ಅಡ್ಡ ಹಿಡಿದಳು. ಕಪ್ಪು ಪುಡಿ ಅವಳ ಬೆರಳ ಮೇಲೆ ಬಿತ್ತು.

"ಒಂದು ಸಲ ಹತ್ತಬೇಕು ಕಣೆ," ಎಂದ ಅವನು, ನಿಲ್ಲಿಸದೆ. "ಇದರಲ್ಲೇ, ಇದು ಹೇಗಿದೆಯೋ ಹಾಗೇ. ಒಂದೇ ಸಲ ಹತ್ತಿದ್ರೂ ಸಾಕು. ಅವನಿಗೂ ಹತ್ತಬಹುದಿತ್ತು ಅಂತ ಆಗುತ್ತೆ."

"ಹತ್ತಿದ್ರೆ ಅವನ ಹೆಂಡತಿಗೆ ಏನಾಗುತ್ತೆ?"

ಅವನ ಕೈ ನಿಂತಿತು. ಅವಳು ಅಂಗಡಿಗೆ ಹೋದದ್ದನ್ನು, ದವಾಖಾನೆಗೆ ಹೋದದ್ದನ್ನು ಹೇಳಿದಳು. ಉಳಿದಿರುವುದು ಅದೊಂದೇ ಕೈ ಎಂಬ ಮಾತನ್ನೂ ಹೇಳಿದಳು. ಅವನು ಚಾಕು ಹಿಡಿದ ತನ್ನ ಕೈಯನ್ನೇ ನೋಡುತ್ತ ಕೂತ.

"ಅಮ್ಮ ತಡ್ಕೊಳ್ಳಲ್ಲ," ಎಂದ ಕೊನೆಗೆ.

"ನಾನು ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೀನಿ. ನೀವು ಕೊಟ್ಟಿಲ್ಲ."

ವಾಪಸು ಬರುವಾಗ ಚಾಕು ಅವಳ ಮಡಿಲಲ್ಲಿತ್ತು. ಊರೊಳಗೆ ಪೆಟ್ರೋಲ್ ಬಂಕ್ ದಾಟಿದ ಮೇಲೆ ನಾಲ್ಕು ರಸ್ತೆ ಕೂಡುವ ಜಾಗ. ನೇರ ಹೋದರೆ ಮನೆ, ಎಡಕ್ಕೆ ಅತ್ತೆ ಇರುವ ಬೀದಿ. ಅವನು ಕಣ್ಣು ಮುಂದೆಯೇ ನೆಟ್ಟು ನೇರ ಹೊರಟ.

ಅವಳು ಮಡಚಿದ ಕಾಲನ್ನು ಮುಂದೆ ಚಾಚಿ ತನ್ನ ಕಡೆಯ ಬ್ರೇಕನ್ನು ಒತ್ತಿದಳು. ಕಾರು ಮುಗ್ಗರಿಸಿ ನಿಂತಿತು. ಹಿಂದಿನ ಗಾಡಿಯವನು ಹಾರನ್ ಹೊಡೆದ, ಬೈದುಕೊಂಡು ಪಕ್ಕದಿಂದ ದಾಟಿ ಹೋದ. ಅವಳು ಕಾಲು ತೆಗೆಯಲಿಲ್ಲ, ಅವನ ಕಡೆ ತಿರುಗಲೂ ಇಲ್ಲ. ತುಂಬ ಹೊತ್ತಿನ ಮೇಲೆ ಎಡಗಡೆಯ ದೀಪ ಟಿಕ್ ಟಿಕ್ ಎನ್ನತೊಡಗಿತು. ಅವಳು ನಿಧಾನವಾಗಿ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.