ಮೊದಲ ಹೊಗೆ ಯಾರ ಮನೆಯದು

ಚಳಿಗಾಲ ಹತ್ತಿರ ಬಂದಾಗ ಹಳ್ಳಿಯ ಬದುಕು ಎಷ್ಟು ಚಂದ ಎಂದು ಪಟ್ಟಣದವರು ಬಂದು ಹೊಗಳುತ್ತಾರೆ. ಕೆಂಪು ಎಲೆಗಳ ಫೋಟೋ ತೆಗೆದು, ನಮ್ಮ ಅಂಗಳದ ಕುಂಬಳಕಾಯಿಯನ್ನು ಸವರಿ, ಕತ್ತಲಾಗುವ ಮೊದಲೇ ಬೆಚ್ಚನೆಯ ಕಾರು ಹತ್ತಿ ಹೋಗಿಬಿಡುತ್ತಾರೆ. ಅಮೆರಿಕದ ವರ್ಮಾಂಟಿನ ಈ ಗುಡ್ಡದ ಮೇಲೆ ಉಳಿಯುವವರು ನಾವು. ನಮ್ಮ ಸುಖಗಳೇ ಬೇರೆ: ಬೆಳಗಿನ ಕಾಫಿಯನ್ನು ಕೈಗವಸು ಹಾಕಿಕೊಂಡೇ ಕುಡಿಯುವುದು, ಅಡುಗೆಮನೆಯಲ್ಲಿ ನಮ್ಮ ಉಸಿರು ನಮಗೇ ಕಾಣುವುದು.

ಸೌದೆಗೇನೂ ಬರವಿಲ್ಲ. ಒಣಗಿದ ಮೇಪಲ್ ಸೌದೆ ಕೊಟ್ಟಿಗೆಯ ಸೂರು ಮುಟ್ಟುವಷ್ಟಿದೆ. ನನ್ನ ಗಂಡ ಕ್ಲೈಡ್ ದಿನಾ ಸಂಜೆ ಅದರ ದರ್ಶನಕ್ಕೆ ಹೋಗುತ್ತಾನೆ, ಒಂದೆರಡು ತುಂಡನ್ನು ತಟ್ಟಿ ಸರಿಮಾಡುತ್ತಾನೆ, ತೃಪ್ತಿಯಿಂದ ಬರಿಗೈಯಲ್ಲಿ ವಾಪಸ್ ಬರುತ್ತಾನೆ. ಏಕೆಂದರೆ ರಸ್ತೆಯಾಚೆಯ ಹೊರೇಸ್ ಇನ್ನೂ ಒಲೆ ಹೊತ್ತಿಸಿಲ್ಲ. ಯಾರ ಹೊಗೆಗೂಡಿನಲ್ಲಿ ಮೊದಲು ಹೊಗೆ ಬರುತ್ತದೋ ಅವನ ಗಂಡಸುತನವೂ ಆ ಹೊಗೆಯ ಜೊತೆಗೇ ಹೋಯಿತೆಂದು ನಮ್ಮೂರಿನ ಅಂಗಡಿಯಲ್ಲಿ ಕೂತವರೆಲ್ಲ ತೀರ್ಪು ಕೊಡುತ್ತಾರೆ. ಸೋತವನು ಗೆದ್ದವನಿಗೆ ಸೇಬು ತುಂಬಿ ಬೇಯಿಸಿದ ಪೈ ಕೊಡಬೇಕು. ಕ್ಲೈಡ್‌ಗೂ ಹೊರೇಸ್‌ಗೂ ಇದು ಹತ್ತೊಂಬತ್ತು ವರ್ಷದ ಪಂದ್ಯ. ಹಿಂದಿನ ಮೂರು ವರ್ಷವೂ ಸೋತವನು ಕ್ಲೈಡ್, ಪೈ ಬೇಯಿಸಿದವಳು ನಾನು.

ಈ ವರ್ಷ ಮಾತ್ರ ನನಗೆ ನಗು ಬರಲಿಲ್ಲ. ಮಾರ್ಚಿನಲ್ಲಿ ಕ್ಲೈಡ್ ನ್ಯುಮೋನಿಯಾ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದ. ಆ ಶ್ವಾಸಕೋಶ ಇನ್ನೊಂದು ಸಲ ತಡೆಯುವುದಿಲ್ಲ, ಬೆಚ್ಚಗಿಟ್ಟುಕೊಳ್ಳಿ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅಕ್ಟೋಬರ್ ಕೊನೆಯ ವಾರ ಬಾಗಿಲ ಬಳಿಯ ಬಕೆಟ್ಟಿನ ನೀರು ಗಡ್ಡೆ ಕಟ್ಟಿತು. ಕ್ಲೈಡ್ ಕೆಮ್ಮತೊಡಗಿದ.

"ಒಲೆ ಹೊತ್ತಿಸ್ತೀನಿ," ಎಂದೆ.

"ಮುಟ್ಟಿದ್ರೆ ನೋಡು! ಇದೂ ಒಂದು ಚಳಿನಾ? ನಮ್ಮಪ್ಪ ಇಂಥದ್ರಲ್ಲಿ ಅಂಗಿ ಬಿಚ್ಚಿ ಸೌದೆ ಒಡೀತಿದ್ದ."

"ನಿಮ್ಮಪ್ಪ ಐವತ್ತೆರಡಕ್ಕೇ ಹೋದ್ರು."

"ಚಳಿಗೆ ಹೋಗಿದ್ದಲ್ಲ. ಟ್ರ್ಯಾಕ್ಟರ್ ಮಗುಚಿ ಹೋಗಿದ್ದು," ಎಂದು ಹೆಮ್ಮೆಯಿಂದ ಹೇಳಿ ನಾಲ್ಕನೆಯ ಸ್ವೆಟರ್ ಹಾಕಿಕೊಂಡ.

ನಾನೇ ಹೊತ್ತಿಸಬಹುದಿತ್ತು. ಹೊತ್ತಿಸಿದ್ದರೆ ನೀರು ಸುರಿದು ಆರಿಸಿ, ಸಿಟ್ಟಿಗೆ ಅಂಗಳದಲ್ಲಿ ಹೋಗಿ ನಿಲ್ಲುತ್ತಿದ್ದ. ಈ ಮನುಷ್ಯನನ್ನು ನಲವತ್ತೊಂದು ವರ್ಷದಿಂದ ಬಲ್ಲೆ. ಗುರುವಾರ ಬೆಳಿಗ್ಗೆ ಕೆಮ್ಮಿನ ಹಿಂದೆಯೇ ಅವನ ಎದೆಯಲ್ಲಿ ಗೊರಗೊರ ಸದ್ದು ಕೇಳಿತು. ಮಾರ್ಚಿನಲ್ಲೂ ಹೀಗೇ ಶುರುವಾಗಿತ್ತು. ನನಗೆ ಭಯವಾಯಿತು. ಹೊರೇಸ್‌ನ ಕೈಕಾಲು ಹಿಡಿದಾದರೂ ಅವನೇ ಮೊದಲು ಒಲೆ ಹೊತ್ತಿಸುವಂತೆ ಮಾಡೋಣವೆಂದು ಕೋಟು ಹಾಕಿಕೊಂಡು ರಸ್ತೆ ದಾಟಿದೆ.

ಬಾಗಿಲು ತಟ್ಟಿ, ಉತ್ತರಕ್ಕೆ ಕಾಯದೆ ಒಳಗೆ ಕಾಲಿಟ್ಟೆ. ಕನ್ನಡಕಕ್ಕೆ ಮಬ್ಬು ಕವಿಯಿತು. ಒರೆಸಿಕೊಂಡು ನೋಡಿದರೆ, ಊರಿನ ವೀರಾಧಿವೀರ ಬರೀ ಬನಿಯನ್ನಿನಲ್ಲಿ ಕೂತು ಮೊಟ್ಟೆ ತಿನ್ನುತ್ತಿದ್ದ. ಮೇಜಿನ ಕೆಳಗೆ ಕರೆಂಟಿನ ಹೀಟರ್ ಕೆಂಪಗೆ ಕಾದಿತ್ತು. ಮೂಲೆಯಲ್ಲಿ ಇನ್ನೊಂದು.

"ಎಷ್ಟು ವರ್ಷದಿಂದ ನಡೀತಿದೆ ಇದು?" ಎಂದೆ.

"ರೂತ್ ಹೋದಾಗಿನಿಂದ," ಎಂದ ಹೊರೇಸ್. ರೂತ್ ಅವನ ಹೆಂಡತಿ. ತೀರಿಕೊಂಡು ಮೂರು ವರ್ಷವಾಯಿತು. "ಒಬ್ನೇ ಇರೋ ಮನೆ ತುಂಬಾ ಥಂಡಿ ಕಣಮ್ಮ ವಿನಿ. ಕ್ಲೈಡ್‌ಗೆ ಮಾತ್ರ ಹೇಳ್ಬೇಡ. ಆಮೇಲೆ ಅಂಗಡೀಲಿ ನಾನು ತಲೆ ಎತ್ತೋ ಹಾಗಿಲ್ಲ."

ಕನಿಕರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಾನು ಬೇಯಿಸಿದ ಮೂರು ಪೈ ನೆನಪಾಗಿ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ನಾನು ಮನೆ ಮುಟ್ಟೋದ್ರೊಳಗೆ ನಿನ್ನ ಹೊಗೆಗೂಡಲ್ಲಿ ಹೊಗೆ ಕಾಣ್ಬೇಕು. ಇಲ್ಲಾಂದ್ರೆ ನೆಟ್ಟಗೆ ಅಂಗಡಿಗೇ ಹೋಗ್ತೀನಿ. ಒಂದಿಷ್ಟು ಹಸಿ ಸೌದೇನೂ ಹಾಕು, ದಟ್ಟವಾಗಿ ಬರ್ಲಿ. ಕ್ಲೈಡ್‌ಗೆ ಈಗ ದೂರದ್ದು ಸರಿಯಾಗಿ ಕಾಣಲ್ಲ."

ನಾನು ನಮ್ಮ ಮೆಟ್ಟಿಲು ಹತ್ತುವಷ್ಟರಲ್ಲಿ ಕ್ಲೈಡ್ ಕಿಟಕಿಗೆ ಮೂಗು ಒತ್ತಿ ಕೂಗುತ್ತಿದ್ದ.

"ವಿನೀ, ನೋಡೇ ಅಲ್ಲಿ! ಮುದುಕ ಸೋತೇಬಿಟ್ಟ! ಹೊತ್ತಿಸೇ ನಮ್ಮದನ್ನ, ಏನ್ ನೋಡ್ತಾ ನಿಂತಿದ್ದೀಯ!"

ಅವಸರಕ್ಕೆ ಮೂರು ಬೆಂಕಿಕಡ್ಡಿ ಮುರಿದವು. ನಾಲ್ಕನೆಯದು ಹತ್ತಿತು.

ಮಧ್ಯಾಹ್ನ ಹೊರೇಸ್ ಪೈ ಹಿಡಿದು ಬಂದ. ಕ್ಲೈಡ್ ಅವನನ್ನು ಸುಮ್ಮನೆ ಬಿಡುತ್ತಾನೆಯೇ?

"ಏನಯ್ಯಾ, ಮೂಳೆ ಮೆತ್ತಗಾಯ್ತಾ?"

"ವಯಸ್ಸಾಯ್ತು ಕಣೋ," ಎಂದ ಹೊರೇಸ್, ನನ್ನ ಮುಖ ನೋಡದೆ.

ಅವನು ಹೋದ ಮೇಲೆ ಕ್ಲೈಡ್ ಒಲೆಯ ಕಡೆ ಕಾಲು ಚಾಚಿ ಕೂತು, ಒಂದು ತುಂಡು ಪೈ ತಿಂದು ಮುಗಿಸಿದ.

"ಪಾಪ ಕಣೇ," ಎಂದ ಕೊನೆಗೆ. "ಆ ಥಂಡಿ ಮನೇಲಿ ಒಬ್ನೇ ನಡುಗ್ತಾ ಕೂತಿದ್ದ ಅನ್ಸುತ್ತೆ. ನನಗಾದ್ರೆ ನೀನಿದ್ದೀಯ. ಮುಂದಿನ ವರ್ಷ ಅವನಿಗೋಸ್ಕರ ನಾನೇ ಮೊದಲು ಹೊತ್ತಿಸ್ಬಿಡ್ತೀನಿ. ಸೆಪ್ಟೆಂಬರ್‌ನಲ್ಲೇ."

ನಾಲಿಗೆಯ ತುದಿಗೆ ಎರಡು ಹೀಟರ್ ಬಂದು ನಿಂತವು. ಅವನು ಮಾತು ನಿಲ್ಲಿಸಿದಾಗ ಅವನ ಉಸಿರನ್ನೇ ಕಿವಿಗೊಟ್ಟು ಕೇಳಿದೆ. ಗೊರಗೊರ ಸದ್ದು ಇಳಿದಿತ್ತು.

"ಹೊತ್ತಿಸು, ಬೇಡ ಅಂದೋರು ಯಾರು," ಎಂದೆ. "ಸೆಪ್ಟೆಂಬರ್‌ನಲ್ಲಿ ನೀನಿರು, ಅಷ್ಟು ಸಾಕು."