ಮೂರನೇ ಸುತ್ತಿನ ಹುಡುಗ

ಏಪ್ರಿಲ್ ಬಂತೆಂದರೆ ನಮ್ಮೂರ ರೇಡಿಯೋದವರಿಗೆ ಬೇರೆ ಕಸುಬಿಲ್ಲ. ತಂಡಗಳು ಸರದಿಯ ಮೇಲೆ, ಸುತ್ತು ಸುತ್ತಾಗಿ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಇನ್ನೂ ಎರಡು ವಾರ ಇರುವಾಗಲೇ, ಅಮೆರಿಕನ್ ಫುಟ್‌ಬಾಲ್ ಇತಿಹಾಸದಲ್ಲಿ ಅತ್ಯಂತ ಬಡಕಲು ಮೊದಲ ಸುತ್ತು ಯಾವ ವರ್ಷದ್ದು ಎಂದು ಚರ್ಚೆಗೆ ಕೂರುತ್ತಾರೆ. ಪ್ರತಿ ಸಲವೂ ಗೆಲ್ಲುವುದು ನಮ್ಮದೇ ವರ್ಷ. ಆಮೇಲೆ ಆ ಸುತ್ತಿನಲ್ಲಿ ಆರಿಸಿದ ಒಬ್ಬೊಬ್ಬರ ಹೆಸರು ಹಿಡಿದು ನಗುತ್ತಾರೆ. ಐದನೆಯ ಹೆಸರು ಲೀಲಂಡ್ ಸ್ಪೈವಿ. ಆ ಹೆಸರು ಬರುವಷ್ಟರಲ್ಲಿ ನಾನು ರೇಡಿಯೋದ ಕಿವಿ ಹಿಂಡಿರುತ್ತೇನೆ. ನಗುವ ಆ ಬೃಹಸ್ಪತಿಗಳಲ್ಲಿ ಒಬ್ಬನಾದರೂ ಲೀಲಂಡ್ ಕಾಲೇಜಿನಲ್ಲಿ ಆಡಿದ್ದನ್ನು ಕಣ್ಣಾರೆ ಕಂಡಿದ್ದಾನೆಯೇ? ನಾನು ಕಂಡಿದ್ದೇನೆ. ಅಲಬಾಮದ ಕೆಸರಿನಲ್ಲಿ ನಿಂತು ಒಂಬತ್ತು ಪಂದ್ಯ ನೋಡಿದ್ದೇನೆ.

ನನ್ನ ಹೆಸರು ಎಮಿಲ್ ಕೊವಾಲಿಕ್. ಮೂವತ್ತೆಂಟು ವರ್ಷ ನಮ್ಮ ತಂಡಕ್ಕೆ ಆಟಗಾರರನ್ನು ಹುಡುಕಿಕೊಟ್ಟವನು. ಊರೂರು ಅಲೆದು ಕಾಲೇಜು ಆಟ ನೋಡುವುದು, ಯಾರು ಎಷ್ಟನೇ ಸುತ್ತಿಗೆ ತಕ್ಕವನು ಎಂದು ವರದಿ ಬರೆಯುವುದು, ಇಷ್ಟೇ ನನ್ನ ಬದುಕು. ಬರೆಯುವ ಮುಂಚೆ ಹುಡುಗನ ಮನೆಗೆ ಹೋಗಿ ತಾಯಿಯನ್ನು ನೋಡಿ ಬರುವುದು ನನ್ನ ಪದ್ಧತಿಯಾಗಿತ್ತು. ಲೀಲಂಡ್‌ನ ತಾಯಿ ವರ್ಡೆಲ್ ಅಮ್ಮ ನನಗೆ ಮೀನು ಕರಿದು ಹಾಕಿದರು. ಬೇಡವೆಂದರೂ ಕೇಳದೆ ಎರಡನೇ ಸಲ ಬಡಿಸಿದರು. ನಾನು ಟೈ ಕಟ್ಟಿಕೊಂಡು ಬಂದಿದ್ದೆನೆಂಬ ಒಂದೇ ಕಾರಣಕ್ಕೆ ಅವರಿಗೆ ನನ್ನ ಮೇಲೆ ಎಲ್ಲಿಲ್ಲದ ಭರವಸೆ.

ಹೋಟೆಲಿಗೆ ಬಂದು ನಾನು ಬರೆದದ್ದು ಹೀಗೆ: ಚೆಂಡು ಎಸೆಯುವವನ ಬೆನ್ನು ಕಾಯಲು ಹೇಳಿ ಮಾಡಿಸಿದ ಮೈಕಟ್ಟು. ಹೆಜ್ಜೆ ಇನ್ನೂ ಹಸಿ. ಮೂರನೇ ಸುತ್ತು. ಎರಡು ವರ್ಷ ಕೂರಿಸಿ ಕಲಿಸಿದರೆ ಹತ್ತು ವರ್ಷ ಆಡುತ್ತಾನೆ. ನಾನು ಬರೆದ ವರದಿಗಳಲ್ಲಿ ಅದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ.

ಆದರೆ ಆ ವರ್ಷ ದೇಶದಲ್ಲೆಲ್ಲ ಒಳ್ಳೇ ಆಟಗಾರರ ಬರಗಾಲ. ನಮ್ಮ ಕಚೇರಿಯ ಗೋಡೆಯ ಮೇಲೆ ಸುತ್ತಿಗೊಂದು ಸಾಲು ಮಾಡಿ ಹೆಸರಿನ ಚೀಟಿ ಅಂಟಿಸುತ್ತಿದ್ದೆವು. ಲೀಗಿನಲ್ಲಿ ಇಪ್ಪತ್ತೆಂಟು ತಂಡ, ಮೊದಲ ಸಾಲಿಗೆ ಬೇಕಾದದ್ದು ಇಪ್ಪತ್ತೆಂಟು ಹೆಸರು. ನಮ್ಮ ಬಳಿ ಇದ್ದದ್ದು ನಾಲ್ಕೇ ನಾಲ್ಕು. ನಮ್ಮ ಮೇಲಧಿಕಾರಿ ಹ್ಯಾಸ್ಕೆಲ್ ಬ್ರಾಂಟ್ ಅದನ್ನು ನೋಡಿ ಕೆಂಡವಾದ.

"ಇದೇನ್ರಯ್ಯಾ ಇದು, ಬೋಳು ತಲೆ ಥರ! ನಾಳೆ ಮಾಲೀಕ್ರು ಬರ್ತಾರೆ. ವರ್ಷಪೂರ್ತಿ ಗೊರಕೆ ಹೊಡೀತಿದ್ರಾ ಅಂತ ಕೇಳ್ತಾರೆ. ತುಂಬಿಸಿ ಸಾಲು!"

"ಇಲ್ದೇ ಇರೋರನ್ನ ಎಲ್ಲಿಂದ ತರೋಣ?" ಎಂದೆ.

"ಪಕ್ಕದ ಸಾಲಿಂದ ತಗೊಳ್ಳೋ ಮಾರಾಯ! ಚೀಟಿ ತಾನೇ, ಕಾಲು ನೋಯುತ್ತಾ ಅದಕ್ಕೆ?"

ನಕ್ಕುಬಿಟ್ಟೆವು. ನಾನೇ ಎದ್ದು ಹೋಗಿ ಮೂರನೇ ಸಾಲಿನಿಂದ ಲೀಲಂಡ್‌ನ ಚೀಟಿ ಕಿತ್ತು ಮೊದಲ ಸಾಲಿಗೆ ಅಂಟಿಸಿದೆ. ಮಾಲೀಕರು ಬಂದು ನೋಡಿ ಹೋದ ಮೇಲೆ ಅದನ್ನು ವಾಪಸ್ ಅಂಟಿಸಬೇಕಿತ್ತು. ಯಾರೂ ಅಂಟಿಸಲಿಲ್ಲ. ದಿನಾ ಅದೇ ಗೋಡೆ ನೋಡಿ ನೋಡಿ, ಮೂರು ವಾರದಲ್ಲಿ ನಾವು ಆಡಿದ ನಾಟಕವನ್ನು ನಾವೇ ನಂಬಿದೆವು. ಡ್ರಾಫ್ಟ್ ದಿನ ಐದನೆಯದಾಗಿ ನಮ್ಮ ಸರದಿ ಬರುವ ಹೊತ್ತಿಗೆ ಮೇಲಿನ ನಾಲ್ಕೂ ಹೆಸರುಗಳನ್ನು ಬೇರೆ ತಂಡದವರು ಎತ್ತಿಕೊಂಡಿದ್ದರು. ಮಿಕ್ಕ ಚೀಟಿಗಳಲ್ಲಿ ಮೊದಲು ಕಂಡದ್ದು ಲೀಲಂಡ್‌ನದು. ಬ್ರಾಂಟ್ ಅವನ ಹೆಸರು ಕೂಗಿಸಿದ. ನಾನು ಚಪ್ಪಾಳೆ ತಟ್ಟಿದೆ.

ಐದನೇ ನಂಬರಿನವನನ್ನು ಎರಡು ವರ್ಷ ಕೂರಿಸಲು ಯಾರು ಬಿಡುತ್ತಾರೆ? ಮೊದಲ ಪಂದ್ಯಕ್ಕೇ ಇಳಿಸಿದರು. ಹೆಜ್ಜೆ ತಿಳಿಯದ ಹುಡುಗನನ್ನು ಹತ್ತು ವರ್ಷ ಪಳಗಿದ ಗಂಡಸರು ಬುಗುರಿಯಂತೆ ತಿರುಗಿಸಿ ಹಾಕಿದರು. ಮೊಣಕಾಲಿನ ನೀರು ತೆಗೆಸಿಕೊಂಡು ಬಂದು ಮತ್ತೆ ಆಡಿದ. ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೂ ಒಬ್ಬನೇ ಹೆಜ್ಜೆ ಹಾಕುತ್ತಿದ್ದುದನ್ನು ಕಚೇರಿಯ ಕಿಟಕಿಯಿಂದ ನಾನು ಎಷ್ಟು ಸಲ ನೋಡಿಲ್ಲ! ಮೂರನೇ ವರ್ಷ ಮೊಣಕಾಲು ಪೂರ್ತಿ ಕೈಕೊಟ್ಟಿತು. ತಂಡ ಅವನನ್ನು ಬಿಟ್ಟಿತು.

ಆಗ ಪತ್ರಿಕೆಯವನೊಬ್ಬ ನನಗೆ ಫೋನ್ ಮಾಡಿ, ಏನು ತಪ್ಪಾಯಿತು ಎಂದು ಕೇಳಿದ. ನಮ್ಮ ಕಸುಬಿನಲ್ಲಿ ಆಟಗಾರ ಸೋತರೆ ಆರಿಸಿದವನ ಕಣ್ಣು ತಪ್ಪಿತೆಂದು ಯಾರೂ ಹೇಳುವುದಿಲ್ಲ. ಅವನಿಗೆ ಮನಸ್ಸಿರಲಿಲ್ಲ ಎನ್ನುತ್ತೇವೆ. ಮನಸ್ಸನ್ನು ಅಳೆಯುವವರು ಯಾರು? ನಾನೂ ಅದನ್ನೇ ಅಂದೆ. "ಶಕ್ತಿ ಇತ್ತು, ಶ್ರದ್ಧೆ ಇರಲಿಲ್ಲ." ಮರುದಿನ ನನ್ನ ಹೆಸರಿನ ಸಮೇತ ಅಚ್ಚಾಯಿತು. ಥೂ, ನನ್ನ ಬಾಯಿಗಿಷ್ಟು!

ಮೂವತ್ತೊಂದು ವರ್ಷ ಕಳೆದವು. ಹೋದ ಏಪ್ರಿಲ್‌ನಲ್ಲಿ ಕಾರು ಕೆಟ್ಟು ಸಿಟಿ ಬಸ್ಸಿಗೆ ನಿಂತಿದ್ದೆ. ಬಾಗಿಲು ತೆರೆಯಿತು. ಡ್ರೈವರ್ ಸೀಟಿನ ತುಂಬ ಲೀಲಂಡ್. ನನ್ನ ಕಾಲು ಮೆಟ್ಟಿಲ ಮೇಲೇ ನಿಂತಿತು.

"ಹತ್ತಿ ಸಾರ್, ಹತ್ತಿ. ಬಾಗ್ಲಲ್ಲೇ ನಿಂತ್ಕೊಂಡು ನನ್ನ ತೂಕ ಅಳೀಬೇಡಿ" ಎಂದ.

ಹಿಂದಿನಿಂದ ಒಬ್ಬ ಪ್ರಯಾಣಿಕ ಕೂಗಿದ: "ಏನಪ್ಪಾ ಐದನೇ ನಂಬರು, ಬೆಳಗ್ಗೆ ರೇಡಿಯೋದಲ್ಲಿ ನಿನ್ನ ಮೆರವಣಿಗೆ ಮಾಡಿದ್ರಲ್ಲ, ಕೇಳಿದ್ಯಾ?"

"ಕೇಳ್ದೆ ಕಣಣ್ಣ. ವರ್ಷಕ್ಕೊಂದ್ಸಲ ನನ್ನ ಹಬ್ಬ. ನಿನ್ನ ಹೆಸರು ರೇಡಿಯೋದಲ್ಲಿ ಬರೋದು ಯಾವಾಗ?" ಬಸ್ಸೆಲ್ಲ ನಕ್ಕಿತು. ಅವನೂ ನಕ್ಕ.

ನನ್ನ ಸ್ಟಾಪಿನಲ್ಲಿ ನಾನು ಇಳಿಯಲಿಲ್ಲ. ಕೊನೆಯ ನಿಲ್ದಾಣದಲ್ಲಿ ಬಸ್ಸು ಖಾಲಿಯಾದ ಮೇಲೆ ಅವನು ಎಂಜಿನ್ ಆರಿಸಿ ನನ್ನತ್ತ ತಿರುಗಿದ.

"ಒಂದು ಕೇಳ್ಲಾ ಸಾರ್? ನಿಜವಾಗ್ಲೂ ನಾನು ಐದನೇ ನಂಬರಿಗೆ ತಕ್ಕೋನು ಅಂತ ಬರ್ದಿದ್ರಾ?"

"ಇಲ್ಲ ಕಣೋ" ಎಂದೆ. ಮೂರನೇ ಸುತ್ತು ಎಂದು ಬರೆದದ್ದು, ಎರಡು ವರ್ಷ, ಹತ್ತು ವರ್ಷ, ಬೋಳು ಗೋಡೆ, ಚೀಟಿ ಕಿತ್ತ ಕೈ, ಎಲ್ಲ ಹೇಳಿದೆ. ಅವನು ಸ್ಟೇರಿಂಗ್ ಹಿಡಿದುಕೊಂಡೇ ಕೇಳಿದ.

"ಹತ್ತು ವರ್ಷ" ಎಂದ ಮೆಲ್ಲಗೆ. ಆಮೇಲೆ, "ಇವ್ರು ನಗೋದು ಬಿಡಿ ಸಾರ್, ಅಭ್ಯಾಸ ಆಗೋಗಿದೆ. ಆದ್ರೆ ನಮ್ಮಮ್ಮಂಗೆ ಎಂಬತ್ತೆಂಟು. ಎದೆ ಸರಿಯಿಲ್ಲ, ಈ ಬೇಸಿಗೆ ದಾಟೋದು ಕಷ್ಟ ಅಂದಿದಾರೆ ಡಾಕ್ಟ್ರು. ಆವತ್ತು ಪೇಪರಲ್ಲಿ ನಿಮ್ಮ ಮಾತು ಓದಿದ್ಲು, ಮಗ ಮೈಗಳ್ಳ ಅಂತಾನೇ ನಂಬ್ಕೊಂಡು ಹೋಗ್ಬಿಡ್ತಾಳೆ. ನಾನು ಹೇಳಿದ್ರೆ ಕಿವಿಗೇ ಹಾಕ್ಕೊಳಲ್ಲ. ಕೊವಾಲಿಕ್ ಸಾರ್ ಸುಳ್ಳು ಹೇಳೋ ಮನುಷ್ಯ ಅಲ್ಲ ಅಂತಾಳೆ. ನೀವೇ ಬಂದು ಹೇಳಿ ಸಾರ್. ನಾನು ದುಡಿದೆ ಅಂತ. ಅಷ್ಟೇ ಸಾಕು."

ಆ ಭಾನುವಾರ ವರದಿಯ ಹಳೇ ಪ್ರತಿ ಹಿಡಿದುಕೊಂಡು ಅವನ ಮನೆಗೆ ಹೋದೆ. ಈಗ ಮಗನ ಜೊತೆಗೇ ಇದ್ದ ವರ್ಡೆಲ್ ಅಮ್ಮ ಚರ್ಚಿನಿಂದ ಆಗಷ್ಟೇ ಬಂದು, ನೇರಳೆ ಬಣ್ಣದ ಟೋಪಿಯನ್ನೂ ತೆಗೆಯದೆ ಕುರ್ಚಿಯಲ್ಲಿ ಕೂತಿದ್ದರು. ಮೈ ಇಷ್ಟೇ ಇಷ್ಟಾಗಿತ್ತು. ನನ್ನ ಗುರುತು ಹಿಡಿದು ಮುಖ ಅರಳಿಸಿದರು.

"ಬನ್ನಿ ಬನ್ನಿ. ಎಷ್ಟು ಬಡವಾಗ್ಬಿಟ್ಟಿದೀರಿ! ಲೀಲಂಡ್, ಮೊದ್ಲು ಅವರಿಗೆ ಏನಾದ್ರೂ ತಿನ್ನೋಕೆ ಕೊಡಪ್ಪ."

ನಾನು ತಿನ್ನಲಿಲ್ಲ. ನಿಂತೇ ಹೇಳಿದೆ. ವರದಿ ಓದಿದೆ. ಪತ್ರಿಕೆಗೆ ಹೇಳಿದ್ದು ಸುಳ್ಳು, ನಿಮ್ಮ ಮಗನಷ್ಟು ದುಡಿದವನನ್ನು ನಾನು ಕಂಡಿಲ್ಲ, ಕಿಟಕಿಯಿಂದ ನೋಡಿದ್ದೇನೆ ಎಂದೆ. ಲೀಲಂಡ್ ಬಾಗಿಲಿಗೆ ಒರಗಿ ತಾಯಿಯ ಮುಖವನ್ನೇ ನೋಡುತ್ತಿದ್ದ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಮಗನ ಕಡೆ ಕೈ ಚಾಚಿದರು. ಅವನು ಬಂದು ಆ ದೊಡ್ಡ ಮೈಯನ್ನು ಮಡಿಸಿ ಅವರ ಕಾಲ ಬಳಿ ಕೂತ.

"ಮಗಾ, ನೀನು ಹೇಳ್ತಾನೇ ಇದ್ದೆ. ನಾನೇ ಕೇಳ್ಲಿಲ್ಲ."

"ಹೋಗ್ಲಿ ಬಿಡಮ್ಮ. ಈಗ ಗೊತ್ತಾಯ್ತಲ್ಲ."

"ಹೇಗೋ ಬಿಡ್ಲಿ?" ಎಂದರು. "ಮೂವತ್ತೊಂದು ವರ್ಷ. ಪ್ರತಿ ಭಾನುವಾರ. ಇವತ್ತೂ ಕೂಡ. ದೇವರೇ, ನನ್ನ ಮಗ ನೀನು ಕೊಟ್ಟಿದ್ದನ್ನ ಸೋಮಾರಿತನದಲ್ಲಿ ಹಾಳು ಮಾಡ್ಕೊಂಡ, ಅವನನ್ನ ಕ್ಷಮಿಸು ಅಂತ ಬೇಡ್ಕೊಂಡಿದೀನಿ. ನಿನ್ನನ್ನ ಪಕ್ಕದಲ್ಲೇ ಕೂರಿಸ್ಕೊಂಡು, ನಿನಗೆ ಕೇಳೋ ಹಾಗೆ ಬೇಡ್ಕೊಂಡಿದೀನಿ." ಆಮೇಲೆ ನನ್ನತ್ತ ನೋಡಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಗೊತ್ತಿದ್ದವರನ್ನು ಕೇಳುವ ಹಾಗೆ ಕೇಳಿದರು: "ಅದನ್ನೆಲ್ಲಾ ಈಗ ವಾಪಸ್ ತಗೊಳ್ಳೋದು ಹೇಗೆ, ಕೊವಾಲಿಕ್ ಸಾರ್?"

ಲೀಲಂಡ್ ತಾಯಿಯ ಟೋಪಿ ತೆಗೆದು ಪಕ್ಕಕ್ಕಿಟ್ಟು ತಲೆ ಸವರತೊಡಗಿದ. ನಾನು ವರದಿಯನ್ನು ಮೇಜಿನ ಮೇಲಿಟ್ಟು ಬಾಗಿಲಿಗೆ ಬಂದೆ. ಅವರಿಬ್ಬರೂ ತಿರುಗಿ ನೋಡಲಿಲ್ಲ.